ಗಾಡಿಯಿಂದ ಇಳಿಸಿದ ಸಾಮಾನು

ಎತ್ತುಗಳು ಬೆಟ್ಟ ಹತ್ತುತ್ತಿಲ್ಲ. ಗಾಡಿಯ ಭಾರ ಇಳಿಸಲೇಬೇಕು. ಯಾವುದನ್ನು ಎಸೆಯುವುದು? ಅಜ್ಜಿಯ ಕಪಾಟನ್ನೋ, ಅಪ್ಪನ ನೇಗಿಲನ್ನೋ?

ಕಳೆದ ವಾರವಿಡೀ ದುಬೈಯ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನಲ್ಲಿ ಇದೇ ಚರ್ಚೆ. ಐದನೇ ಕ್ಲಾಸಿನ ಮಗಳು ಅನ್ವಿಗೆ ಶಾಲೆಯಲ್ಲಿ ಒಂದು ಮಕ್ಕಳ ಕಾದಂಬರಿ ಕೊಟ್ಟಿದ್ದಾರೆ. ಹಿಂದಿನ ಕಾಲದ ಅಮೆರಿಕದಲ್ಲಿ ಕೆಲವು ಕುಟುಂಬಗಳು ಗಾಡಿ ಕಟ್ಟಿಕೊಂಡು, ಹೊಸ ನೆಲ ಹುಡುಕುತ್ತಾ ಪಶ್ಚಿಮಕ್ಕೆ ಹೊರಡುವ ಕಥೆ; ಅವರಿಗೆ 'ಪಯೊನೀರ್' ಎಂದು ಹೆಸರು. (ಆ ನೆಲದಲ್ಲಿ ಮೊದಲೇ ಜನರಿದ್ದರು ಎಂಬುದು ಹನ್ನೊಂದನೇ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ಬರೆದವರಿಗೂ ಆಗಷ್ಟೇ ಗೊತ್ತಾಗಿರಬೇಕು.)

ಟೀಚರ್ ಕೊಟ್ಟ ಹೋಮ್‌ವರ್ಕ್: ನಿಮ್ಮ ಮನೆಯವರು ಇಲ್ಲಿಗೆ ಬರುವಾಗ ಭಾರವೆಂದು ಏನು ಬಿಟ್ಟರು, ಏನು ಉಳಿಸಿಕೊಂಡರು? ಸೋಮವಾರ ಕ್ಲಾಸಿನಲ್ಲಿ ಓದಬೇಕು.

ಒಳ್ಳೆಯ ಪ್ರಶ್ನೆಯೇ. ಮಂಗಳೂರಿನಿಂದ ದುಬೈ, ಅಬುಧಾಬಿ ಎಲ್ಲವೂ ಪಶ್ಚಿಮವೇ ಅಲ್ಲವೇ? ನಮ್ಮದು ಎತ್ತಿನ ಗಾಡಿಯಲ್ಲ. ಹಗ್ಗ ಬಿಗಿದು, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಹೆಸರು ಬರೆದ ಕಾರ್ಟನ್. ಅಷ್ಟೇ ವ್ಯತ್ಯಾಸ.

ಗಂಟಲು ಸರಿಪಡಿಸಿಕೊಂಡು ಹೇಳಿದೆ. ಮೊದಲ ಸಲ ಬರುವಾಗ ಮಂಗಳೂರಿನ ಏರ್‌ಪೋರ್ಟಿನಲ್ಲಿ ಆರು ಕಿಲೋ ಜಾಸ್ತಿ ಬಂತು. ನೆಲದ ಮೇಲೆ ಕಾರ್ಟನ್ ಬಿಚ್ಚಿದೆ. ಒಂದು ಕಡೆ ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿ. ಇನ್ನೊಂದು ಕಡೆ ಎಂ.ಎ. ಓದುವಾಗ ಕೊಂಡ ಇತಿಹಾಸದ ಪುಸ್ತಕಗಳು. ಅಕ್ಕಿ ಬಿಟ್ಟೆ. ಪುಸ್ತಕ ತಂದೆ.

"ವಾವ್ ಅಪ್ಪ! ಯೂ ಆರ್ ಎ ರಿಯಲ್ ಪಯೊನೀರ್!"

ಹತ್ತು ವರ್ಷಗಳಲ್ಲಿ ಮಗಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಕೆಂಪು ಇಂಕಿನಲ್ಲಿ ಹೆಡ್ಡಿಂಗ್ ಬರೆದೇಬಿಟ್ಟಳು: 'ಮೈ ಅಪ್ಪ ಚೋಸ್ ಬುಕ್ಸ್.'

"ಆ ಬುಕ್ಸ್ ಎಲ್ಲಿ? ಕ್ಲಾಸಿಗೆ ತಕೊಂಡು ಹೋಗ್ತೇನೆ."

ಕಪಾಟಿನಲ್ಲಿಲ್ಲ. ಮಂಚದ ಕೆಳಗೂ ಇಲ್ಲ. ಮೊದಲಿದ್ದ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ರೂಮಿನಲ್ಲೇ ಉಳಿದವೇ? ಅಂದು ಏರ್‌ಪೋರ್ಟಿಗೆ ಬಿಡಲು ಬಂದಿದ್ದ ಅಕ್ಕನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದು ನನ್ನ ತಪ್ಪು.

"ಪುಸ್ತಕವಾ? ಅದು ಇಲ್ಲೇ ಅಟ್ಟದಲ್ಲಿ ಉಂಟಲ್ಲ ಮಾರಾಯ! 'ಕುಚ್ಚಲಕ್ಕಿ ಅಲ್ಲಿ ಸಿಗುದಿಲ್ಲಂತೆ' ಅಂತ ನೀನೇ ಅಲ್ವಾ ಪುಸ್ತಕ ನನ್ನ ಕೈಗೆ ಹಾಕಿದ್ದು? ಒಂದು ವಾರ ನನಗೆ ಭುಜ ನೋವು!"

ಬಿಡಲಿಲ್ಲ, ವಾದಿಸಿದೆ. ಸಾಕ್ಷಿಯಿಲ್ಲದೆ ಯಾರ ನೆನಪನ್ನೂ ನಂಬಬೇಡಿ ಎಂದೇ ಅಲ್ಲವೇ ಯೂನಿವರ್ಸಿಟಿಯಲ್ಲಿ ಕಲಿಸಿದ್ದು? ಐದೇ ನಿಮಿಷದಲ್ಲಿ ವಾಟ್ಸ್ಯಾಪಿಗೆ ಸಾಕ್ಷಿ ಬಂತು. ಧೂಳು ಹಿಡಿದ ಪುಸ್ತಕಗಳು, ಮೊದಲ ಪುಟದಲ್ಲಿ ನನ್ನದೇ ಸಹಿ.

ಆಗ ನೆನಪಾಯಿತು. (ನೆನಪಾದಂತೆ ಆಯಿತು ಎನ್ನಿ, ಇನ್ನೇನು ಭರವಸೆ?) ಬಂದ ಮರುದಿನವೇ ರೂಮಿನ ಕೆಳಗಿನ ಗ್ರೋಸರಿಯಲ್ಲಿ, ಪೇರಿಸಿಟ್ಟ ಕುಚ್ಚಲಕ್ಕಿ ಚೀಲಗಳ ಮುಂದೆ ಬೆಪ್ಪಾಗಿ ನಿಂತಿದ್ದೆ.

ಅನ್ವಿ ಹೊಸ ಹಾಳೆ ತೆಗೆದಳು.

"ಹಾಗೇ ಇರಲಿ ಮಗಾ, ಯಾರಿಗೆ ಗೊತ್ತಾಗ್ತದೆ?" ಎಂದೆ. ನಾನು! ಇತಿಹಾಸ ಓದಿದವನು!

"ಅತ್ತೆಗೆ ಗೊತ್ತುಂಟಲ್ಲ. ಈಗ ನನಗೂ."

ಸೋಮವಾರ 'ಮೈ ಅಪ್ಪ ಚೋಸ್ ರೈಸ್' ಎಂದು ಓದಿದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ, ಟೀಚರೂ ಸೇರಿ. ಮನೆಗೆ ಬಂದವಳ ಮುಖದಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. "ಎಲ್ಲರಿಗೂ ನೀವೇ ಇಷ್ಟ ಆದದ್ದು ಅಪ್ಪ," ಎಂದಳು. ಆದರೆ ಅವಳು ಓದಿ ಕುಳಿತ ಮೇಲೆ ನಾಲ್ಕು ಮಕ್ಕಳು ತಮ್ಮ ಹಾಳೆ ಮಡಚಿಕೊಂಡು, ಮನೆಯಲ್ಲಿ ಇನ್ನೊಮ್ಮೆ ಕೇಳಿಕೊಂಡು ಬರುತ್ತೇವೆ ಎಂದರಂತೆ.

ನೀವು ಹೇಳಿ, ನಿಮ್ಮ ಸಾಹಸದ ಕಥೆಯನ್ನು ಒಮ್ಮೆಯಾದರೂ ಅಕ್ಕನ ಎದುರು ಹೇಳಿ ನೋಡಿದ್ದೀರಾ?