ಅಟ್ಟದ ಮೇಲೆ ಅವಳ ಪಾಲು

ಕಾಲ ಕೆಟ್ಟಿತ್ತು, ಅದಕ್ಕೇ ನನ್ನ ನಾದಿನಿಯ ದುಡ್ಡು ಹಾಳಾಯಿತು ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಸುಳ್ಳು. ಹಾಳು ಮಾಡಿದವಳು ನಾನು. ಅವಳು ಮನೆ ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ, ಅಷ್ಟೆ.

ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವ ಕೈ ನಿಧಾನ. ಆದರೂ ಇದನ್ನು ಇನ್ನೊಬ್ಬರ ಕೈಲಿ ಬರೆಸುವುದು ಬೇಡ ಅಂತ ನಾನೇ ಕೂತಿದ್ದೇನೆ.

ಅವಳು ನಮ್ಮ ಯಜಮಾನರ ತಂಗಿ. ಮಾಯಸಂದ್ರದ ಕಡೆಗೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ಹೋದ. ಮಕ್ಕಳಿರಲಿಲ್ಲ. ಬಿಳಿಗೆರೆ ಹತ್ತಿರದ ನಮ್ಮ ಮನೆಗೆ ವಾಪಸು ಬಂದಳು. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ಅವಳಿಗೆ ಕೇಳಿಸುವುದು ಮಂದ. ಪಕ್ಕಕ್ಕೆ ಹೋಗಿ ಗಟ್ಟಿಯಾಗಿ ಹೇಳಬೇಕು. ಅದೊಂದು ಬಿಟ್ಟರೆ ಕೆಲಸದಲ್ಲಿ ಇಬ್ಬರಿಗೆ ಸಮ. ನಮ್ಮದು ಹನ್ನೊಂದು ಜನರ ಮನೆ. ಕೊಟ್ಟಿಗೆ ಬಳಿಯುವುದು, ಬಾವಿಯಿಂದ ನೀರು ಸೇದುವುದು, ನನ್ನ ಮಕ್ಕಳಿಗೆ ಎರೆಯುವುದು ಎಲ್ಲ ಅವಳದೇ. ಅವಳು ಬಂದ ಮೇಲೆ ನನ್ನ ಸೊಂಟ ನೋವು ವಾಸಿಯಾಗಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ತುರ್ತು ಪರಿಸ್ಥಿತಿ ಬಂದ ಮರುವರ್ಷ ಅವಳ ಗಂಡನ ಮನೆಯವರು ಒಂದು ತುಂಡು ತೋಟ ಮಾರಿದರು. ಉಳುವವನಿಗೇ ಭೂಮಿ ಅನ್ನುವ ಕಾನೂನಿಗೆ ಹೆದರಿ ಎಷ್ಟೋ ಜನ ಹಾಗೆ ಮಾರುತ್ತಿದ್ದರು. ಅದರಲ್ಲಿ ಅವಳ ಪಾಲನ್ನು ಬಟ್ಟೆಗಂಟಿನಲ್ಲಿ ತಂದು ಕೊಟ್ಟು ಹೋದರು. ಅವಳು ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಸಗಣಿ ಬಾಚುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ತಿಪಟೂರಿನಲ್ಲಿ ಒಂದು ಮನೆ. ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಹೆಂಚಿನ ಮನೆ, ಅದರ ಒಡತಿ ಒಬ್ಬ ಮುದುಕಿ, ಅದನ್ನು ಮಾರಿ ಮಗಳ ಊರಿಗೆ ಹೊರಟಿದ್ದಳು. ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೂಲಿ ಸಿಗುತ್ತದೆ, ಒಂದು ಹೊಟ್ಟೆಗೆ ಸಾಕು ಅಂದಳು.

"ನನ್ ಬಾಗ್ಲ ನಾನೇ ಅಗುಳಿ ಹಾಕ್ಕಂಡು ಮಲಗ್ಬೇಕು ಅತ್ಗೆ. ಹುಟ್ಟಿದಾಗ್ನಿಂದ ಬೇರೆಯವ್ರು ಹಾಕಿದ್ ಬಾಗ್ಲೇ ಆಯ್ತು."

ಆಗ ಯಾವ ಮಾತನ್ನೂ ಯಾರೂ ಜೋರಾಗಿ ಆಡುತ್ತಿರಲಿಲ್ಲ. ದೊಡ್ಡ ನೋಟು ನಡೆಯುವುದಿಲ್ಲವಂತೆ, ಚಿನ್ನ ಇಟ್ಟವರ ಮನೆಗೆ ಆಫೀಸರು ಬರುತ್ತಾರಂತೆ, ಚೀಟಿ ನಡೆಸುತ್ತಿದ್ದವನು ರಾತ್ರೋರಾತ್ರಿ ತುರುವೇಕೆರೆ ಬಿಟ್ಟನಂತೆ. ಎಲ್ಲ ಅಂತೆ. ನಮ್ಮ ಯಜಮಾನರು ಪೋಸ್ಟಾಫೀಸಿಗೆ ಹಾಕು ಅಂದರು. ಆಮೇಲೆ, ಹೆಂಗಸರ ದುಡ್ಡು ಹೆಂಗಸರೇ ನೋಡಿಕೊಳ್ಳಿ ಅಂತ ಟವಲು ಕೊಡವಿ ಎದ್ದು ಹೋದರು. ಅವಳು ನನ್ನ ಮುಖ ನೋಡಿದಳು.

ಮನೆ ಕೊಂಡರೆ ನಾಳೆ ಸರ್ಕಾರ ಕಿತ್ತುಕೊಳ್ಳುತ್ತದೆ ಅಂದೆ. ಕಾನೂನು ಇರುವುದು ಹೊಲ ತೋಟಕ್ಕೆ, ಊರೊಳಗಿನ ಮನೆಗಲ್ಲ ಅಂತ ನನಗೆ ಗೊತ್ತಿತ್ತು. ತೆಂಗಿನಕಾಯಿ ಕೊಂಡು ಅಟ್ಟಕ್ಕೆ ಹಾಕು, ವರ್ಷ ತುಂಬಿದರೆ ಕೊಬ್ಬರಿ, ಕೊಬ್ಬರಿಯನ್ನು ಯಾವ ಸರ್ಕಾರವೂ ರದ್ದು ಮಾಡುವುದಿಲ್ಲ, ಬೆಲೆ ಏರಿದಾಗ ಇದಕ್ಕಿಂತ ದೊಡ್ಡ ಮನೆ ತಗೋ ಅಂದೆ. ನಮ್ಮ ಕಡೆ ಎಲ್ಲರೂ ಮಾಡುವುದೂ ಅದನ್ನೇ. ಒಂದು ವರ್ಷ ಅವಳು ಇಲ್ಲೇ ಇರುತ್ತಾಳೆ ಅನ್ನುವುದಷ್ಟೇ ನನ್ನ ಲೆಕ್ಕ. ಕಾಯಿಯ ವಿಷಯದಲ್ಲಿ ಅಲ್ಲಿಯವರೆಗೆ ನಾನು ಮೋಸ ಮಾಡಿರಲಿಲ್ಲ.

ಪಕ್ಕದ ಹಳ್ಳಿಯಲ್ಲಿ ಒಬ್ಬ ತೋಟದ ಧಣಿ, ಗೇಣಿದಾರರು ಅರ್ಜಿ ಹಾಕುತ್ತಾರೆಂದು ಹೆದರಿ, ಬಲಿತದ್ದು ಬಲಿಯದ್ದು ನೋಡದೆ ಮರಗಳನ್ನೆಲ್ಲ ಬೋಳು ಮಾಡಿಸಿ ಮಾರಲು ಕೂತಿದ್ದ. ಆ ಕಾಯಿ ನೋಡಲು ನಾವಿಬ್ಬರೂ ಹೋದೆವು. ರಾಶಿ ಮೂರು ವಾರ ಬಿಸಿಲಿಗೆ ಬಿದ್ದು ಎಲ್ಲ ಕಾಯಿಯ ಮೈಯೂ ಒಂದೇ ಬಣ್ಣಕ್ಕೆ ತಿರುಗಿತ್ತು. ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕಿವಿಗೆ ತಿಳಿಯುತ್ತಿತ್ತು. ಬಲಿತ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತದೆ. ಎಳೆಯದರಲ್ಲಿ ನೀರು ಕಂಠಮಟ್ಟ ತುಂಬಿರುತ್ತದೆ, ಸದ್ದಿಲ್ಲ. ಎಳೆಯದು ಎಷ್ಟು ವರ್ಷ ಅಟ್ಟದಲ್ಲಿದ್ದರೂ ಕೊಬ್ಬರಿಯಾಗುವುದಿಲ್ಲ. ಸುತ್ತಲ ಊರಿನವರು ಕಾಯಿ ಕೊಳ್ಳುವ ಮುಂಚೆ ನನ್ನನ್ನು ಕರೆಸುತ್ತಿದ್ದರು, ನನ್ನ ಕಿವಿ ಅಂಥದ್ದು.

"ನೀವು ನೋಡಿ ಅತ್ಗೆ, ನಂಗೆಲ್ಲಿ ಕೇಳ್ತದೆ," ಅಂದಳು.

ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಂದು. ಸದ್ದಿಲ್ಲ. ಮೂರನೆಯದು ಕುಲುಕಿತು. ನಾಲ್ಕನೆಯದರಲ್ಲಿ ಮತ್ತೆ ಇಲ್ಲ. ಅವಳು ನನ್ನ ಕೈ ನೋಡಲಿಲ್ಲ, ಬಾಯಿ ನೋಡುತ್ತಿದ್ದಳು. ಬೇಡ ಅಂದರೆ ಗಂಟು ಹಾಗೇ ಉಳಿಯುತ್ತಿತ್ತು, ಸಂತೆ ದಿನ ತಿಪಟೂರಿಗೆ ಹೋಗಿ ಮುದುಕಿಯ ಕೈಗೆ ಕೊಟ್ಟುಬಿಡುತ್ತಿದ್ದಳು.

"ಚೆನ್ನಾಗವೆ ಬುಡು," ಅಂದೆ.

ಎಂಟು ಗಾಡಿ ಬಂತು. ಅಟ್ಟದ ನಡುವೆ ಬಿದಿರು ಅಡ್ಡ ಕಟ್ಟಿ, ಬಾಗಿಲ ಕಡೆಯದು ನಮ್ಮದು, ಬಚ್ಚಲ ಕಡೆಯದು ಅವಳದು ಅಂತ ಮಾಡಿದೆವು. ಪ್ರತಿ ಸೋಮವಾರ ಮನೆ ಸಾರಿಸಿದ ಮೇಲೆ ಏಣಿ ಹತ್ತುವಳು. ನೀರು ಇಂಗಿ ಒಳಗಿನ ಗಿಟುಕು, ಅಂದರೆ ಕೊಬ್ಬರಿಯ ಉಂಡೆ, ಬಿಡಿಸಿಕೊಂಡರೆ ಚಿಪ್ಪಿಗೆ ಬಡಿಯುತ್ತದೆ, ಅದು ಕಿವುಡರ ಅಂಗೈಗೂ ಗೊತ್ತಾಗುತ್ತದೆ. ಒಂದು ಕಾಯಿಯನ್ನು ಎರಡು ಕೈಲಿ ಹಿಡಿದು ಅಲ್ಲಾಡಿಸಿ, ಸುಮ್ಮನೆ ಇಳಿದು ಬರುವಳು. ಇನ್ನೂ ಕಾಲ ಬೇಕು ಕಣೇ ಅನ್ನುತ್ತಿದ್ದೆ. ಮಳೆಗಾಲ ಕಳೆಯಿತು, ಚಳಿ ಕಳೆಯಿತು. ನಮ್ಮ ಕಡೆಯ ಕಾಯಿಗಳು ಇಲಿ ಓಡಾಡಿದರೂ ಗಡಗಡ ಅನ್ನುತ್ತಿದ್ದವು. ಅವಳ ಕಡೆ ಇಲಿ ಓಡಿದರೆ, ಅಲ್ಲೊಂದು ಇಲ್ಲೊಂದು ಕಾಯಿ ಬಿಟ್ಟರೆ, ಕಾಲಿನ ಸದ್ದು ಮಾತ್ರ. ಹಿಟ್ಟು ತೊಳಸುತ್ತಾ ನಾನು ಆ ಮೂಲೆಗೇ ಕಿವಿ ಕೊಟ್ಟಿರುತ್ತಿದ್ದೆ. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು.

ಚುನಾವಣೆ ಮುಗಿದು, ಸರ್ಕಾರ ಬಿದ್ದು, ಕೊಬ್ಬರಿ ಬೆಲೆ ಏರಿತು. ಕಾಯಿ ಸುಲಿಯುವವನನ್ನು ಅವಳೇ ಕರೆಸಿದಳು. ಅಂಗಳದಲ್ಲಿ ಮೊದಲು ಒಡೆದ ಕಾಯಿಯಲ್ಲಿ ಚರ್ಮದ ಹಾಗೆ ಮುದುರಿದ್ದ ಏನೋ ಒಂದು. ಎರಡನೆಯದರಲ್ಲಿ ಕರಿ ಲೋಳೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕರಲ್ಲಿ ಒಂದು ಒಳ್ಳೆಯದು ಅನ್ನುವ ಹಾಗಾಯಿತು. ಕಾಯಿ ಸುಲಿಯುವವನು, ಕಾಲ ಸರಿಯಿಲ್ಲ ಕಣವ್ವ ಅಂದ. ನಮ್ಮ ಯಜಮಾನರು ಅದೇ ಮಾತು ಹಿಡಿದುಕೊಂಡರು. ಅಲ್ಲಿಂದ ಅದು ಮನೆ ಮಾತಾಯಿತು.

ಅವಳು ಒಂದು ಚಿಪ್ಪನ್ನು ಮೂಸಿ ನೋಡಿ ಕೆಳಗಿಟ್ಟಳು. ನನ್ನ ಹತ್ತಿರ ಬಂದು ನಿಂತಳು.

"ಅವತ್ತು ನಿಮಗೆ ಕೇಳಿಸ್ಲಿಲ್ವಾ ಅತ್ಗೆ?"

"ಗಾಳಿ ಜೋರಾಗಿತ್ತು ಕಣೇ."

ಗಟ್ಟಿಯಾಗಿ ಹೇಳಿದೆ, ಕೇಳಿಸಲಿ ಅಂತ. ಅವಳು ತಲೆಯಾಡಿಸಿದಳು. ಅವತ್ತು ಗಾಳಿ ಇರಲಿಲ್ಲ, ಒಂದು ಗರಿ ಅಲ್ಲಾಡುತ್ತಿರಲಿಲ್ಲ. ಗರಿ ಅಲ್ಲಾಡುವುದನ್ನು ನೋಡುವುದಕ್ಕೆ ಕಿವಿ ಬೇಡ.

ಅಲ್ಲಿಂದ ಹತ್ತು ವರ್ಷ ನಮ್ಮ ಮನೆಯಲ್ಲೇ ಇದ್ದಳು. ಒಂದು ದಿನ ಕೆಲಸ ತಪ್ಪಿಸಲಿಲ್ಲ, ಒಂದು ಮಾತು ಎತ್ತಲಿಲ್ಲ. ಆ ಹೆಂಚಿನ ಮನೆಯನ್ನು ಯಾರೋ ಬೀಡಿ ಅಂಗಡಿಯವರು ಕೊಂಡರು. ಬಸ್ಸು ಆ ಬೀದಿಯ ತುದಿ ದಾಟುವಾಗ ಅವಳು ಮಡಿಲು ನೋಡುತ್ತಾ ಕೂರುವಳು. ಕಡೆಗೆ ಜ್ವರ ಬಂದು ನಡುಮನೆಯಲ್ಲಿ, ಆ ಅಟ್ಟದ ಕೆಳಗೇ ಹೋದಳು. ಮುಖಕ್ಕೆ ವಿಭೂತಿ ಹಚ್ಚುವಾಗ ಅವಳ ಅಂಗೈ ನೋಡಿದೆ. ಎರಡೂ ಕೈ ಒಂದು ಕಾಯಿ ಹಿಡಿಯುವಷ್ಟು ಮಡಿಸಿಕೊಂಡಿದ್ದವು. ಬಿಡಿಸಿ ನೆಟ್ಟಗೆ ಮಾಡಿದೆ. ಮತ್ತೆ ಮಡಿಸಿಕೊಂಡವು.

ಈಗ ನನಗೂ ಕಿವಿ ಮಂದವಾಗಿದೆ. ಮೊಮ್ಮಕ್ಕಳು ಕೂಗುವುದು ಕೇಳಿಸುವುದಿಲ್ಲ. ಆ ಬಚ್ಚಲ ಕಡೆಯ ಅಟ್ಟದಲ್ಲಿ ಏನೂ ಇಲ್ಲ, ಆದರೆ ಅಲ್ಲಿ ಸದ್ದಿಲ್ಲ ಅನ್ನುವುದು ಮಾತ್ರ ಇವತ್ತಿಗೂ ಕೇಳಿಸುತ್ತದೆ.

ಕಾಯಿ ಒಡೆದ ಮರುದಿನ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ನಮ್ಮ ಪಾಲಿನಲ್ಲಿ ಅರ್ಧ ಅವಳಿಗೆ ಕೊಟ್ಟಿದ್ದರೆ ಮುದುಕಿಯ ಮನೆ ಆಗುತ್ತಿತ್ತು, ಕೊಳ್ಳುವವರು ಸಿಗದೆ ಅದು ಇನ್ನೂ ಮಾರಾಟವಾಗಿರಲಿಲ್ಲ. ಬೆಳಗ್ಗೆ ಎದ್ದು, ಒಲೆ ಹಚ್ಚಿ, ಬೆಲೆ ಇಳಿಯುವ ಮುಂಚೆ ನಮ್ಮ ಕಾಯಿ ಇಳಿಸಬೇಕು ಬಾರೇ ಅಂತ ಅವಳನ್ನು ಕರೆದೆ. ನಾನು ಅಟ್ಟ ಹತ್ತಿದೆ. ಅವಳು ಏಣಿಯ ಬುಡದಲ್ಲಿ ನಿಂತಳು. ಒಂದೊಂದೇ ಕಾಯಿಯನ್ನು ಅಲ್ಲಾಡಿಸಿ, ಗಡಗಡ ಅಂದದ್ದನ್ನು ಖಾತ್ರಿ ಮಾಡಿಕೊಂಡು, ಅವಳ ಕೈಗೆ ಕೊಟ್ಟೆ.