ಅಪ್ಪನ ಮಿಸ್ತ್ರಿ

ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಯಿತ್ತು. ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ, ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕೆಲಸ ಕಲಿಯುವ ದಿನಗಳಲ್ಲಿ ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದದ್ದರ ಗುರುತು ಅದು. ಇಂಜಿನ್ ತಣ್ಣಗಾಗುವ ಮೊದಲೇ ಮುಚ್ಚಳಕ್ಕೆ ಕೈ ಹಾಕುವ ಗಿರಾಕಿಗಳಿಗೆ ಅವರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಆ ಕೈಯನ್ನು ಮುಂದೆ ಚಾಚುತ್ತಿದ್ದರು, ಅಷ್ಟೆ.

ನಾವು ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದೆವು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರ ಮಗ. ಬಾಲಾನಗರದಲ್ಲಿ ಲೇತ್ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಅವರದೊಂದು ಕಾರು ರಿಪೇರಿಯ ತಗಡಿನ ಶೆಡ್ಡು. ಧಾರವಾಡದವರಾದ ನನ್ನಪ್ಪ ಅಲ್ಲಿಗೆ ಹತ್ತಿರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅದೇ ಕಾರ್ಖಾನೆಯಲ್ಲಿ ಈಗ ನಾನು ಇಂಜಿನಿಯರ್. ಅವ್ವ ಹೋದ ಮೇಲೆ ಲಿಂಗಂಪಲ್ಲಿಯ ಫ್ಲ್ಯಾಟಿನಲ್ಲಿ ಅಪ್ಪ, ನಾನು ಇಬ್ಬರೇ. ಮನೆಯಲ್ಲಿ ಅಪ್ಪ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಶನಿವಾರ ಶೆಡ್ಡಿಗೆ ಕರೆದುಕೊಂಡು ಹೋದರೆ ಸಾಕು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಂದೇ ಸಮ ಮಾತು, ನಗು. ಮಿಸ್ತ್ರಿಯನ್ನು ಬಾಯಿತುಂಬ ‘ತಮ್ಮಾ’ ಎನ್ನುತ್ತಿದ್ದರು. ನಾನು ಕಾರಿನಲ್ಲಿ ಕೂತು ಮೊಬೈಲ್ ನೋಡುವವಳಂತೆ ನಟಿಸುತ್ತ ಆ ನಗುವನ್ನು ಕೇಳಿಸಿಕೊಳ್ಳುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು.

ಚಳಿಗೆ ಅಪ್ಪನ ಬೆರಳುಗಳು ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಒಂದು ಡಿಸೆಂಬರಿನಲ್ಲಿ ವಾರಕ್ಕೆರಡು ಸಲ ಬೆಳಿಗ್ಗೆ ಆರಕ್ಕೇ ಹೊರಟು ತಾರ್ನಾಕದ ಆಸ್ಪತ್ರೆಗೆ ಹೋಗಬೇಕಾಗಿತ್ತು. ಕೈ ಬೆಚ್ಚಗಿರಲೇಬೇಕು ಎಂದು ಡಾಕ್ಟರು ಎಚ್ಚರಿಸಿದ್ದರು. ನಮ್ಮ ಹಳೆಯ ಕಾರಿನ ಹೀಟರ್ ಮಾತ್ರ ಎಷ್ಟು ಹೊತ್ತು ಓಡಿಸಿದರೂ ಉಗುರುಬೆಚ್ಚಗಿನ ಗಾಳಿಯನ್ನಷ್ಟೇ ಬಿಡುತ್ತಿತ್ತು. ಈ ಸಲ ನಾನೇ ಸರಿಮಾಡಿ ತೋರಿಸುತ್ತೇನೆಂದು ಹಟ ಹಿಡಿದೆ. ಒಂದು ಭಾನುವಾರವಿಡೀ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕೂತು ಇಂಜಿನ್ನಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಬದಲಿಸಿದೆ. ಗಾಳಿ ಹಾಗೇ ಇತ್ತು. ಅಪ್ಪ ಬೈಯಲಿಲ್ಲ, ಮಿಸ್ತ್ರಿಯ ಹತ್ತಿರ ಹೋಗೋಣ ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮಿಸ್ತ್ರಿ ಮೊದಲು ನಾನು ಮಾಡಿದ್ದನ್ನೆಲ್ಲ ಪೂರ್ತಿ ಕೇಳಿದರು. ಇಂಜಿನ್ ಬಿಸಿಯಾಗುವವರೆಗೆ ಕಾದು, ಹೀಟರಿಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿ, ನನಗೂ ಮುಟ್ಟಲು ಹೇಳಿದರು. ಒಳಹೋಗುವ ಪೈಪು ಸುಡುತ್ತಿತ್ತು, ಹೊರಬರುವುದು ಬರೀ ಬೆಚ್ಚಗಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಪುಟ್ಟ ರೇಡಿಯೇಟರಿನಂಥದೊಂದು ಇರುತ್ತದೆ. ಅದರೊಳಗೆ ಕೊಳೆ ಕಟ್ಟಿಕೊಂಡು ಇಂಜಿನ್ನಿನ ಬಿಸಿನೀರು ಹರಿಯುತ್ತಿಲ್ಲ ಎಂದು ತಿಳಿಸಿ ಹೇಳಿದರು. ಇಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳಾಡಿಸಿದರು. ಬೆರಳಿಗೆ ಕಂದು ಗಸಿ ಹತ್ತಿತು.

“ಇದಕ್ಕ ಯಾವ ನೀರು ಹಾಕ್ತೀರಿ ಅಕ್ಕಾರ?” ಎಂದು ಮೆಲ್ಲಗೆ ಕೇಳಿದರು.

ಕಾರಿನ ನೀರು, ಎಣ್ಣೆ ನೋಡಿಕೊಳ್ಳುವುದು ಅಪ್ಪ ನನ್ನನ್ನು ನಂಬಿ ಬಿಟ್ಟಿದ್ದ ಒಂದೇ ಕೆಲಸ. ತುಕ್ಕು ಹಿಡಿಸದ ಕೂಲಂಟ್ ದ್ರವವನ್ನೇ ಹಾಕಬೇಕೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ಮೂರು ವರ್ಷದಿಂದ ಕೈಗೆ ಸಿಕ್ಕ ಬೋರಿನ ಉಪ್ಪುನೀರು ಸುರಿಯುತ್ತಿದ್ದೆ. ಒಮ್ಮೆ ಅಪ್ಪನ ಕಡೆ, ಒಮ್ಮೆ ಆ ಗಸಿಯ ಕಡೆ ನೋಡಿದೆ. ಅಷ್ಟರಲ್ಲಿ ಅಪ್ಪ ಕುರ್ಚಿಯಿಂದಲೇ ಏನಾಗಿದೆ ಎಂದು ಕೇಳಿದರು.

“ಹಳೀ ಗಾಡಿ ಅದರಿ ಕಾಕಾ. ಒಳಗ ಗಸಿ ಕುಂತದ” ಎಂದರು ಮಿಸ್ತ್ರಿ. ನನ್ನ ಕಡೆ ನೋಡಲೂ ಇಲ್ಲ.

ಎರಡೂ ಪೈಪು ಬಿಚ್ಚಿ, ನೀರನ್ನು ಹಿಂದುಮುಂದಾಗಿ ಬಿಟ್ಟರು. ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ಬಳಬಳನೆ ಕೆಂಪು ನೀರು ಬಂತು. ತಿಳಿಯಾಗುವವರೆಗೂ ಬಿಟ್ಟು, ಕೂಲಂಟ್ ತುಂಬಿಸಿ, ಕಾರಿನ ಮೂತಿ ಎತ್ತರಕ್ಕೆ ನಿಲ್ಲಿಸಿ, ಒಳಗೆ ಸಿಕ್ಕ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬೀಳುವ ತನಕ ಇಂಜಿನ್ ಓಡಿಸಿದರು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಬಿಸಿಗಾಳಿಗೆ ಕೈಯೊಡ್ಡಿದರು. ಬೆರಳುಗಳಿಗೆ ನಿಧಾನವಾಗಿ ಬಣ್ಣ ಬಂತು.

“ಇಂಥಾ ಕೈ ನಮ್ಮ ಮನ್ಯಾಗ ಯಾರಿಗೂ ಬರಲಿಲ್ಲ ನೋಡು ತಮ್ಮಾ” ಎಂದರು ಅಪ್ಪ.

ನಾನು ಅಲ್ಲೇ ನಿಂತಿದ್ದೆ.

ಮುಂದಿನ ಶನಿವಾರ, ಮಿಸ್ತ್ರಿ ಊರಿಗೆ ಹೋಗಿದ್ದಾರೆಂದು ಅಪ್ಪನಿಗೆ ಸುಳ್ಳು ಹೇಳಿದೆ. ಅದರ ಮುಂದಿನ ವಾರವೂ ಅದನ್ನೇ ಹೇಳಿದೆ. ಫೋನಿನಲ್ಲಿ ಅಪ್ಪನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲವಾದ್ದರಿಂದ ಸುಳ್ಳು ಎರಡು ತಿಂಗಳು ನಡೆಯಿತು. ಮಿಸ್ತ್ರಿ ನನಗೆ ಫೋನ್ ಮಾಡಿದಾಗ ಅಪ್ಪ ಮಲಗಿದ್ದಾರೆ ಎನ್ನುತ್ತಿದ್ದೆ. ಅಪ್ಪ ಮತ್ತೆ ದಿನಕ್ಕೆ ಹತ್ತು ಮಾತಿಗೆ ಇಳಿದರು. ಆ ಹತ್ತರಲ್ಲಿ ಒಂದು ಮಾತು ಮಿಸ್ತ್ರಿ ಬಂದನೇನು ಎಂಬುದೇ ಆಗಿರುತ್ತಿತ್ತು.

ಒಂದು ಮಧ್ಯಾಹ್ನ ಮಿಸ್ತ್ರಿ ತಾವೇ ಬೈಕಿನಲ್ಲಿ ಮನೆಗೆ ಬಂದರು. ಅಪ್ಪನಿಗೆ ಎಲ್ಲಿಲ್ಲದ ಸಂಭ್ರಮ.

“ಊರಿಂದ ಯಾವಾಗ ಬಂದ್ಯೋ ತಮ್ಮಾ?”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಿಸ್ತ್ರಿ ಒಮ್ಮೆ ನನ್ನ ಮುಖ ನೋಡಿದರು.

“ನಿನ್ನೇನೇ ಬಂದೀನ್ರಿ ಕಾಕಾ” ಎಂದರು.

ಹೊರಡುವಾಗ ಲಿಫ್ಟಿನವರೆಗೆ ಹೋದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಲಿಫ್ಟಿನ ಗುಂಡಿ ಒತ್ತಿ, ತಲೆ ತಗ್ಗಿಸಿಯೇ ಹೇಳಿದರು: “ನನ್ನಪ್ಪ ನಾ ಸಣ್ಣಾಂವ ಇದ್ದಾಗೇ ಹೋದಾರಿ. ಕಾಕಾ ನಿಮ್ಮವರೇ, ಎಲ್ಲಿಗೂ ಹೋಗಂಗಿಲ್ಲ. ವಾರಕ್ಕ ಒಂದು ತಾಸು ನನಗ ಬಿಡ್ರಿ, ಸಾಕು.”

ಮರುಶನಿವಾರದಿಂದ ಮತ್ತೆ ಶೆಡ್ಡಿಗೆ ಕರೆದುಕೊಂಡು ಹೋದೆ. ಕಾರಿನಿಂದಿಳಿದು ಇನ್ನೊಂದು ಕುರ್ಚಿ ಎಳೆದುಕೊಂಡು ಕೂರಲು ಕಲಿತೆ. ಹೊಟ್ಟೆಕಿಚ್ಚು ಹೋಯಿತೆಂದರೆ ಸುಳ್ಳಾದೀತು. ಅವರಿಬ್ಬರೂ ಒಂದೇ ಮಾತಿಗೆ ಒಟ್ಟಿಗೆ ನಕ್ಕಾಗ ಒಳಗೆ ಚುರುಕ್ ಎನ್ನುತ್ತಲೇ ಇತ್ತು.

ಹೀಗೇ ವರ್ಷಗಳು ಕಳೆದವು. ಹೋದ ಮಳೆಗಾಲದಲ್ಲಿ ಮಿಸ್ತ್ರಿ ಕೆಲಸ ಮಾಡುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮುಗಿಸಿಕೊಂಡು ಬಂದ ಸಂಜೆ ಅಪ್ಪ ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿ ಅತ್ತರು. ಅವ್ವ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಸತ್ತವರ ಮೇಲೂ ನನಗೆ ಅಸೂಯೆಯಾಯಿತು. ಆ ನಾಚಿಕೆ ತಡೆಯಲಾಗದೆ ಹಾಸಿಗೆಯ ಅಂಚಿನಲ್ಲಿ ಕೂತು, ಬೋರಿನ ನೀರಿನದು, ಊರಿಗೆ ಹೋದ ಸುಳ್ಳಿನದು, ಎರಡನ್ನೂ ಒಪ್ಪಿಸಿಬಿಟ್ಟೆ. ಮಿಸ್ತ್ರಿ ಎರಡು ಸಲವೂ ನನ್ನ ಮರ್ಯಾದೆ ಕಾಪಾಡಿದ್ದನ್ನೂ, ಆ ಋಣ ನನ್ನ ಮೇಲಿರುವುದನ್ನೂ ಹೇಳಿದೆ.

ಅಪ್ಪ ನನ್ನ ಕಡೆ ತಿರುಗಿದರು.

“ಇದನ್ನ ಅವನ ಮುಂದ ಹೇಳಬೇಕಾಗಿತ್ತವಾ” ಎಂದರು.

ಹೇಳಿರಲಿಲ್ಲ. ಆರು ವರ್ಷ ಪ್ರತಿ ಶನಿವಾರ ಅವರ ಎದುರಿಗೇ ಕೂತಿದ್ದೆ.