ಮಲಗದ ತಾಯಿನರಿ

ಈ ದಸರೆಗೆ ಮುಂಚೆ ಆ ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಒಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಬಟ್ಟೆಯ ನರಿಗಳು. ವಿದ್ಯಾರಣ್ಯಪುರಂನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಆಂಟಿ ತಾವೇ ಕೂತು ಹೊಲಿದವು. ಅವರು ತೀರಿಕೊಂಡ ಮೇಲೆ ಅವರ ತಮ್ಮ, "ಇವನ್ನ ನಿಮಗೇ ಕೊಡ್ಬೇಕು ಅಂದಿದ್ರು ಕಣಮ್ಮ ಅಕ್ಕ" ಎಂದು ಟ್ರಂಕಿನ ಸಮೇತ ತಂದುಕೊಟ್ಟಿದ್ದರು. ಬೇಡ ಅನ್ನಲು ನಾಲಿಗೆ ಏಳಲಿಲ್ಲ.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಬೀದಿಯಲ್ಲಿ ವಿಸಿಆರ್ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಇದ್ದ ಕ್ಯಾಸೆಟ್ಟೂ ಒಂದೇ. ಯಾವುದೋ ಇಂಗ್ಲಿಷ್ ಮಕ್ಕಳ ಕಾದಂಬರಿಯಿಂದ ಮಾಡಿದ ಕಾರ್ಟೂನ್ ಸಿನಿಮಾ. ಹಿಮದಲ್ಲಿ ಹೊಸ ಬಿಲ ಹುಡುಕುತ್ತಾ ಹೊರಟ ನರಿಗಳ ಸಂಸಾರ. ದಾರಿಯಲ್ಲಿ ತೀರಾ ಚಿಕ್ಕ ಮರಿ ತಪ್ಪಿಹೋಗುತ್ತದೆ. ನಮಗೆಲ್ಲಿ ಇಂಗ್ಲಿಷ್ ಬರಬೇಕು! ಆಂಟಿಯೇ ಕನ್ನಡದಲ್ಲಿ ಹೇಳುತ್ತಿದ್ದರು. ತಾಯಿನರಿ ಬಿಲದ ಬಾಯಲ್ಲಿ ಕೂತು ಮರಿಯನ್ನು ಕೂಗುವ ಹೊತ್ತಿಗೆ ಟಿವಿ ಆರಿಸಿಬಿಡುತ್ತಿದ್ದರು.

"ಇಷ್ಟೇ ಕಣ್ರೋ ಕಥೆ. ಏಳಿ, ಮನೇಲಿ ಕಾಯ್ತಿರ್ತಾರೆ."

ಮರಿ ಸತ್ತೇಹೋಗುತ್ತದೆ, ಅದಕ್ಕೇ ತೋರಿಸುವುದಿಲ್ಲ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಆಂಟಿಯ ಪುಟ್ಟ ಮಗಳು ಜಂಬೂಸವಾರಿ ನೋಡಲು ಹೋದಾಗ ಜನಜಂಗುಳಿಯಲ್ಲಿ ಅಮ್ಮನ ಕೈ ತಪ್ಪಿದವಳು ಮತ್ತೆ ಸಿಗಲೇ ಇಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ನರಿಮುಖ ನೋಡಿದರೆ ಅದೃಷ್ಟ ಅನ್ನುತ್ತಾರೆ... ಅವರಷ್ಟು ನೋಡಿದವರು ಯಾರಿದ್ದರು?

ದಸರೆಯಲ್ಲಿ ಅವರ ಮನೆಯಲ್ಲಿ ಪಟ್ಟದ ಗೊಂಬೆಗಳ ಜೊತೆ ಈ ನರಿಗಳೂ ಕೂರುತ್ತಿದ್ದವು. ತಾಯಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ, ಮರಿ ಕೆಳಗೆ ಹೊಸ್ತಿಲ ಹತ್ತಿರ ಒಂಟಿಯಾಗಿ. "ಗೊಂಬೆ ಕೂರ್ಸಿದ್ದೀರಾ?" ಎಂದು ಗೊಂಬೆ ನೋಡಲು ಬಂದವರಿಗೆ ಹಂಚುವ ಚರಪಿನ ತಿಂಡಿಯ ಆಸೆಗೆ ಸಂಜೆ ನುಗ್ಗುತ್ತಿದ್ದ ನಮಗೆ ಒಂದು ವಿಚಿತ್ರ ಕಂಡಿತು. ಮರಿ ದಿನದಿನವೂ ಒಂದೊಂದೇ ಮೆಟ್ಟಿಲು ಮೇಲೇರುತ್ತಿತ್ತು.

"ನೀವೇ ತಾನೆ ಆಂಟಿ ಎತ್ತಿಡೋದು?" ಎಂದು ಧೈರ್ಯ ಮಾಡಿ ಕೇಳಿದೆ.

"ನಾನ್ಯಾಕಮ್ಮ ಮುಟ್ಲಿ? ಅವಳಾಗೇ ಬರ್ಲಿ ಅಂತ ತಾನೆ ಬುಟ್ಟಿರೋದು," ಎಂದು ಕೈಗೆ ಕೋಡುಬಳೆ ಇಟ್ಟರು. ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಆಮೇಲಿನ ದಿನಗಳಲ್ಲಿ ನಾನು ಬಾಗಿಲಲ್ಲೇ ಚರಪು ತೆಗೆದುಕೊಂಡು ಓಡುತ್ತಿದ್ದೆ.

ತಾಯಿಯ ಕೆಳಗಿನ ಮೆಟ್ಟಿಲಿಗೆ ಬಂದು ಮರಿ ನಿಂತುಬಿಡುತ್ತಿತ್ತು. ಅದರಾಚೆ ಯಾವ ವರ್ಷವೂ ಹತ್ತಲಿಲ್ಲ. ವಿಜಯದಶಮಿಗೆ ಗೊಂಬೆ ಮಲಗಿಸುವುದು ಪದ್ಧತಿ. ಆಂಟಿ ಉಳಿದೆಲ್ಲವನ್ನೂ ಮಲಗಿಸಿ ತಾಯಿ, ಮರಿ ಎರಡನ್ನೂ ಹಾಗೇ ಬಿಡುತ್ತಿದ್ದರು. "ಮಲಗಿಸ್ಬುಡಿ ಕಣ್ರೀ, ಹಾಗೆ ಬಿಡಬಾರದು," ಎಂದು ನಮ್ಮಮ್ಮ ಒಮ್ಮೆ ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ಮಗು ಬಂದಿಲ್ಲ, ತಾಯಿ ಹೆಂಗ್ರೀ ಮಲಗ್ತಾಳೆ?"

ಟ್ರಂಕು ಬಂದ ಮೇಲೆ ಆ ಸಿನಿಮಾವನ್ನು ನನ್ನ ಮಗಳು ಎಲ್ಲಿಂದಲೋ ಹುಡುಕಿದಳು. ಕೊನೆಯವರೆಗೂ ಕೂತು ನೋಡಿದೆ. ಮರಿ ಸಾಯುವುದಿಲ್ಲ. ಮನೆಗೆ ಬರುತ್ತದೆ, ತಾಯಿ ಅದನ್ನು ನೆಕ್ಕಿ ಮುದ್ದಾಡುತ್ತಾಳೆ. ಆಂಟಿ ನೋಡಲಾರದೆ ಆರಿಸುತ್ತಿದ್ದದ್ದು ಅದನ್ನು!

ಈ ಸಲ ನರಿಗಳನ್ನು ನಮ್ಮ ಮನೆಯಲ್ಲೇ ಗೊಂಬೆಗಳ ಜೊತೆ ಕೂರಿಸಿದ್ದೆ. ವಿಜಯದಶಮಿಯ ಸಂಜೆ ತಾಯಿ, ಮರಿ ಎರಡನ್ನೂ ಅಕ್ಕಪಕ್ಕ ನಾನೇ ಮಲಗಿಸಿದೆ. ಇನ್ನು ಯಾರೂ ಕಾಯುವುದು ಬೇಡ ಅನ್ನಿಸಿತು. ಬೆಳಿಗ್ಗೆ ನೋಡಿದರೆ ತಾಯಿ ಮಲಗಿದ್ದಾಳೆ. ಮರಿ ಎದ್ದು ಕೂತು ಅವಳ ಮುಖಕ್ಕೆ ಮೂಗು ಒತ್ತಿದೆ.

"ನಾನು ಮುಟ್ಟೇ ಇಲ್ಲಮ್ಮ," ಅಂದಳು ಮಗಳು.

ಮುಟ್ಟಿರಬಹುದು, ಇಲ್ಲದಿರಬಹುದು... ನಾನು ಎತ್ತಿಡಲು ಹೋಗಿ ಕೈ ಹಿಂದೆಗೆದದ್ದು ಅದಕ್ಕಲ್ಲ. ಅಷ್ಟು ವರ್ಷ ಕಾಯಿಸಿದವಳು ಕೊನೆಗೂ ಬಂದು ಅಮ್ಮನನ್ನು ಎಬ್ಬಿಸುತ್ತಿದ್ದಾಳೆ ಅನ್ನಿಸಿತು. ಎದ್ದು ಬಾಚಿ ತಬ್ಬಿಕೊಳ್ಳಲು ಆಂಟಿ ಈಗ ಇಲ್ಲ.